ಮೊಬೈಲಿನಲ್ಲಿ ಪಂಢರಪುರ



2020ರ ಮಾರ್ಚಿ ತಿಂಗಳಲ್ಲಿ ಪಂಢರಪುರದ ವಿಠ್ಠಲನ ಗುಡಿಗೆ ಬೀಗ ಬಿತ್ತು. ಆ ಆಷಾಢದಲ್ಲಿ ದಿಂಡಿಗಳು ಹೊರಡಲಿಲ್ಲ. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ, ದೇಹುವಿನಿಂದ ತುಕಾರಾಮರ ಪಾದುಕೆ, ಮೂರು ವಾರ ನಡೆಯುವ ದಾರಿಯನ್ನು ಸರಕಾರಿ ಬಸ್ಸಿನಲ್ಲಿ ಸಾಗಿದುವು. ವಾರಕರಿಗಳು ಮನೆಯಲ್ಲಿಯೇ ಕುಳಿತು ಟಿ.ವಿ., ಮೊಬೈಲುಗಳಲ್ಲಿ ಪೂಜೆ ನೋಡಿದರು. ನಮ್ಮ ಬೆಳಗಾವಿ, ವಿಜಾಪುರದ ಕಡೆಯ ಭಕ್ತರಿಗೂ ಅದೇ ಗತಿ.

ಇದನ್ನು ನಾವು ಹಳಿಯುವುದಿಲ್ಲ. ಕಾಲಿಲ್ಲದವರಿಗೆ, ಹಾಸಿಗೆ ಹಿಡಿದವರಿಗೆ, ರಾತ್ರಿಪಾಳಿ ಮಾಡಿ ರಜೆ ಸಿಗದ ಕೂಲಿಗಾರನಿಗೆ ತೆರೆಯ ಮೇಲಿನ ದರ್ಶನ ದೊಡ್ಡ ಸಮಾಧಾನ. ಮೇಲಾಗಿ ಮೊಬೈಲು ಜಾತಿ ಕೇಳುವುದಿಲ್ಲವೆಂದು ಕೆಲವು ತರುಣರು ವಾದಿಸುತ್ತಾರೆ. ನಿಜವೇ. ಆದರೆ 1947ರ ಮೇ ತಿಂಗಳಲ್ಲಿ ಸಮಾಜವಾದಿ ಸಾನೆ ಗುರೂಜಿಯವರು ಇದೇ ಗುಡಿಯ ಬಾಗಿಲು ಹರಿಜನರಿಗೆ ತೆರೆಯಲೆಂದು ಉಪವಾಸ ಕೂತದ್ದೇಕೆ? ವಿಠ್ಠಲನ ಪಟ ಆಗಲೂ ಪೇಟೆಯಲ್ಲಿ ಸಿಗುತ್ತಿತ್ತು. ಯಾರು ಬೇಕಾದರೂ ಕೊಂಡು ಗೋಡೆಗೆ ತೂಗಹಾಕಬಹುದಿತ್ತು. ಪಂಢರಪುರದಲ್ಲಿ ಭಕ್ತನು ದೇವರ ಪಾದವನ್ನು ಕೈಯಾರೆ ಮುಟ್ಟುತ್ತಾನೆ. ದಾರಿಯಲ್ಲಿ ವಾರಕರಿಗಳು ಹಿರಿಯ ಕಿರಿಯರೆನ್ನದೆ ಒಬ್ಬರ ಕಾಲಿಗೊಬ್ಬರು ಬೀಳುತ್ತಾರೆ. ಜಗಳವಿದ್ದದ್ದು ಆ ಮುಟ್ಟುವುದರ ಬಗ್ಗೆ, ನೋಡುವುದರ ಬಗ್ಗೆ ಅಲ್ಲ.

ಅಂಗಡಿಕಾರ ಮಿತ್ರರಿಗೆ ಇನ್ನೊಂದು ಲೆಕ್ಕ ತಾನಾಗಿ ಹೊಳೆದೀತು. 2020, 2021 ಎರಡೂ ವರ್ಷ ಆಷಾಢದ ಜಾತ್ರೆ ಸೇರಲಿಲ್ಲ. ಬುಕ್ಕಾ, ತುಳಸಿಮಾಲೆ, ಚುರುಮುರಿ, ಬತ್ತಾಸು ಮಾರಿ ವರ್ಷದ ಬಾಡಿಗೆ ಕಟ್ಟುವವರಿಗೆ ತೆರೆಯ ಮೇಲಿನ ಭಕ್ತರಿಂದ ಏನು ಗಿಟ್ಟಬೇಕು? ಕಾಲ್ನಡಿಗೆ ಮತ್ತೆ ಮೊದಲಿನಂತೆ ನಡೆದದ್ದು 2022ರಲ್ಲಿ.

ತಿರುಪತಿಯ ಮಾತು ಬೇರೆ. ಅಲ್ಲಿ ಮೊಬೈಲು ಬರಿಯ ಕಿಟಕಿಯಾಗಿ ಉಳಿದಿಲ್ಲ, ಬಾಗಿಲೇ ಆಗಿದೆ. 300 ರೂಪಾಯಿಯ ದರ್ಶನದ ಚೀಟಿ ಆನ್‌ಲೈನಿನಲ್ಲಿ ಬಿಟ್ಟ ಗಳಿಗೆಯಲ್ಲಿ ತೆರೆ ಒತ್ತಬಲ್ಲವನದು. ಆ ಹೊತ್ತಿಗೆ ಮಗ್ಗದ ಮುಂದೆ ನಿಂತವನದಲ್ಲ. 2025ರ ಜನವರಿ 8ರಂದು ವೈಕುಂಠ ಏಕಾದಶಿಯ ಉಚಿತ ಟೋಕನ್ನಿಗೆಂದು ನೆರೆದ ಜನರಲ್ಲಿ ನೂಕುನುಗ್ಗಲಾಗಿ 6 ಮಂದಿ ಸತ್ತರು. ಅದೇ ದರ್ಶನದ 300 ರೂಪಾಯಿಯ ಚೀಟಿಗಳನ್ನು ಅದಕ್ಕೂ ಮೊದಲೇ ಆನ್‌ಲೈನಿನಲ್ಲಿ ಕೊಟ್ಟಾಗಿತ್ತು.

ನಮ್ಮ ಮುಜರಾಯಿ ಗುಡಿಗಳಲ್ಲಿಯೂ ಸೇವಾಚೀಟಿ ಆನ್‌ಲೈನಿಗೆ ಬಂದಿದೆ. ದಿನಕ್ಕೆ ಒಟ್ಟು ಚೀಟಿ ಎಷ್ಟು, ಸಾಲಿನಲ್ಲಿ ನಿಂತವರಿಗೆ ಬಿಟ್ಟದ್ದೆಷ್ಟು ಎಂಬುದನ್ನು ಬರೆದು ಗುಡಿಯ ಬಾಗಿಲಿಗೆ ಅಂಟಿಸಬೇಕೆಂದು ನಾವು ಮನವಿ ಬರೆದಿದ್ದೇವೆ. ಪ್ರತಿ ಅಲ್ಲಿ ಮೇಜಿನ ಮೇಲಿದೆ. ಎರಡನೆಯ ಪಾಳಿಗೆ ಹೋಗುವವರು ಮೊದಲು ಸಹಿ ಹಾಕಿ ಹೊರಡಿರಿ, ಮಿಕ್ಕವರು ಆಮೇಲೆ ಹಾಕಿದರಾಯಿತು.