ಎರಡು ಹಳೇ ಕಂಪ್ಯೂಟರ್, ಒಂದು ವೈರು, ಅಜ್ಜನ ಪದಗಳು

ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಲ್ಲ, ಒಂದ್ಸಲ ಮನೆಯ ಅಟ್ಟದ ಕಡೆ ನೋಡ್ರಿ. ಪ್ಲಾಸ್ಟಿಕ್ ಚೀಲ ಸುತ್ತಿಟ್ಟ ಹಳೇ ಸಿಪಿಯು ಏನಾದ್ರೂ ಐತೇನು? ಇದ್ರೆ ಇವತ್ತಿನ ಮಾತು ನಿಮಗೇ.

ನಮ್ಮೂರು ಕೊಗನೊಳ್ಳಿ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೊರಟ್ರೆ ಟೋಲ್ ನಾಕಾ ಬರ್ತದಲ್ಲ, ಅದೇ ಊರು. ಮುಂದೆ ಕಾಗಲ್, ಅಂದ್ರೆ ಮಹಾರಾಷ್ಟ್ರ. ನಮ್ಮ ಕಾಕಾ ಇಲ್ಲಿ ಡಿಟಿಪಿ ಅಂಗಡಿ ನಡೆಸ್ತಿದ್ರು. ಗಡಿ ಊರು ನೋಡ್ರಿ, ಒಂದೇ ಲಗ್ನಕ್ಕೆ ಒಂದು ಪತ್ರಿಕೆ ಕನ್ನಡದಾಗ, ಇನ್ನೊಂದು ಮರಾಠಿಯಾಗ.

ಅಂಗಡಿ ಮುಚ್ಚಿದ ಮೇಲೆ ಎರಡು ಕಂಪ್ಯೂಟರ್ ಮನೆಗೆ ಬಂದವು. ಒಂದು ವಿಂಡೋಸ್ 98, ಇನ್ನೊಂದು ಎಕ್ಸ್‌ಪಿ. ಹಳೇದರಲ್ಲಿ ಅಜ್ಜನ ಭಜನಾ ಪದಗಳಿದ್ದವು. ಅಜ್ಜ ಹೇಳ್ತಾ ಹೋಗಿದ್ರು, ಕಾಕಾ ಟೈಪ್ ಮಾಡಿದ್ರು. ಬರೆದಿಟ್ಟ ವಹಿ ಮಳೆಯಲ್ಲಿ ತೊಯ್ದು ಹಾಳಾಯ್ತು. ಅಜ್ಜ ಈಗಿಲ್ಲ. ಅಂದ್ರೆ ಆ ಪದಗಳು ಉಳಿದಿದ್ದು ಆ ಒಂದೇ ಹಾರ್ಡ್ ಡಿಸ್ಕಿನಲ್ಲಿ.

'ಪೆನ್ ಡ್ರೈವ್ ಚುಚ್ಚಿ ತಗೊಂಡ್ರ ಆತಲ್ಲೋ' ಅಂದ್ರು ಕಾಕಾ. ಚುಚ್ಚಿದೆ. ವಿಂಡೋಸ್ 98 ಡ್ರೈವರ್ ಕೇಳ್ತು. ಫ್ಲಾಪಿಯಲ್ಲಿ ಹಿಡಿಸೋದು 1.44 ಎಂಬಿ, ವಾಟ್ಸಾಪಿನ ಒಂದು ಫೋಟೋಗೂ ಕೆಲವೊಮ್ಮೆ ಸಾಲಂಗಿಲ್ಲ. ಎಕ್ಸ್‌ಪಿಗೆ ಮಾತ್ರ ಪೆನ್ ಡ್ರೈವ್ ಗೊತ್ತು. ಹಂಗಾಗಿ ಎಕ್ಸ್‌ಪಿಯನ್ನೇ ಸೇತುವೆ ಮಾಡೋಣ ಅಂತ ಠರಾಯಿಸಿದ್ವಿ. 98ರಿಂದ ಎಕ್ಸ್‌ಪಿಗೆ ವೈರು, ಎಕ್ಸ್‌ಪಿಯಿಂದ ಪೆನ್ ಡ್ರೈವ್.

ಬೇಕಾಗೋ ಸಾಮಾನು ಇಷ್ಟೇ: ಎರಡೂ ಕಂಪ್ಯೂಟರಿಗೆ ಲ್ಯಾನ್ ಪೋರ್ಟ್, ಎರಡು ಲ್ಯಾನ್ ಕೇಬಲ್, ಮೂಲೆಗೆ ಬಿದ್ದಿರೋ ಒಂದು ಹಳೇ ರೌಟರ್. ಪೋರ್ಟ್ ಇಲ್ಲದಿದ್ರೆ ಹಳೇ ಪಿಸಿಐ ಲ್ಯಾನ್ ಕಾರ್ಡ್ ಹುಡುಕ್ರಿ, 98ಕ್ಕೆ ಅದರ ಡ್ರೈವರ್ ಕೂಡ ಬೇಕು. ಕೇಬಲ್‌ಗಳನ್ನು ರೌಟರಿನ ಲ್ಯಾನ್ ತೂತುಗಳಿಗೆ ಹಾಕಿ. ಇಂಟರ್ನೆಟ್ ವೈರು ಬರೋ ತೂತು ಖಾಲಿ ಇರಲಿ.

ಯಾಕೆ ಖಾಲಿ? 98ಕ್ಕೆ ಮೈಕ್ರೋಸಾಫ್ಟ್ 2006ರ ಜುಲೈನಲ್ಲೇ ಕೈಬಿಟ್ಟಿತು, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು. ಇವು ಫೈಲ್ ಹಂಚಿಕೊಳ್ಳೋ ಹಳೇ ಪದ್ಧತಿಯ ಹೆಸರು ಎಸ್‌ಎಂಬಿ ಒಂದು. ಅದರಲ್ಲಿದ್ದ ತೂತಿನಿಂದಲೇ 2017ರ ಮೇನಲ್ಲಿ ವನ್ನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಆ ಪದ್ಧತಿ ತಾನಾಗಿ ಬರೋದೇ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ಹಳೇ ಕಂಪ್ಯೂಟರ್ ಕಾಣದಿರೋದು ಅದಕ್ಕೇ. ಅದನ್ನು ಬಲವಂತವಾಗಿ ಆನ್ ಮಾಡಬೇಡಿ. ಹಳಬರಿಬ್ಬರೂ ಬಾಗಿಲು ಹಾಕ್ಕೊಂಡು ತಮ್ಮತಮ್ಮಲ್ಲೇ ಮಾತಾಡಲಿ.

ಈಗ ವಿಳಾಸ ಕೊಡಬೇಕು. 98ಕ್ಕೆ 192.168.10.1, ಎಕ್ಸ್‌ಪಿಗೆ 192.168.10.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ವರ್ಕ್‌ಗ್ರೂಪ್ ಹೆಸರು ಎರಡರಲ್ಲೂ ಒಂದೇ ಇಡಿ. ಎಕ್ಸ್‌ಪಿಯಿಂದ 98ರ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂತೋ, ವೈರು ಸರಿ ಐತಿ. 98ರಲ್ಲಿ ಫೈಲ್ ಶೇರಿಂಗ್ ಆನ್ ಮಾಡಿ, ಬೇಕಾದ ಫೋಲ್ಡರನ್ನು ಶೇರ್ ಮಾಡಿ, ರೀಡ್ ಓನ್ಲಿ ಅಂತಲೇ ಕೊಡಿ. ಅವಸರದಲ್ಲಿ ಮೂಲ ಫೈಲೇ ಅಳಿಸಿಹೋಗಬಾರದಲ್ಲ. ಆಮೇಲೆ ಎಕ್ಸ್‌ಪಿಯ ರನ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹೊಡೆದು 98ರ ಕಂಪ್ಯೂಟರ್ ಹೆಸರು ಬರೀರಿ. ಫೋಲ್ಡರ್ ಕಾಣ್ತದೆ. ಕಾಪಿ, ಪೇಸ್ಟ್.

ಒಂದು ಮಾತು. ಡಿಸ್ಕ್ ಕಟಕಟ ಸದ್ದು ಮಾಡ್ತಿದ್ರೆ ಇದ್ಯಾವುದೂ ಬೇಡ. ತಕ್ಷಣ ಬಂದ್ ಮಾಡಿ ತಿಳಿದವರ ಕೈಗೆ ಕೊಡಿ.

ನಮಗೆ ಫೈಲ್ ಬಂತು. ಪೆನ್ ಡ್ರೈವನ್ನು ವೈರಸ್ ಸ್ಕ್ಯಾನ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಖುಷಿಯಿಂದ ತೆರೆದೆ. ಕನ್ನಡವೇ ಇಲ್ಲ! ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರ, ನಡುನಡುವೆ ಬ್ರಿಟಿಷರ ಪೌಂಡ್ ಚಿಹ್ನೆ. ಫೈಲ್ ಕೆಟ್ಟುಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಕಾಕಾ ನಕ್ಕರು. 'ಕೆಟ್ಟಿಲ್ಲೋ, ಫಾಂಟ್ ಬಿಟ್ಟು ಬಂದೀ ನೀ.'

ಖರೆ ಮಾತು. ಅದು ಯೂನಿಕೋಡ್ ಅಲ್ಲ, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅಂಥ ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಆಕಾರ ಕೂರಿಸೋದು ಫಾಂಟ್. ನುಡಿಯಲ್ಲಿ 'ನ' ಬರೋ ಕಡೆ ಪೌಂಡ್ ಚಿಹ್ನೆಯ ಸಂಕೇತ ಇರ್ತದೆ. ಫಾಂಟ್ ಇಲ್ಲದಿದ್ರೆ ಆ ಪೌಂಡೇ ಕಾಣೋದು. ಶ್ರೀಲಿಪಿಯಲ್ಲಿ ಮಾಡಿದ ಮರಾಠಿ ಪತ್ರಿಕೆಗಳದ್ದೂ ಇದೇ ಹಣೆಬರಹ.

ಹಂಗಾಗಿ ಫೈಲ್ ಜತೆಗೆ ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡ್ಕೊಳ್ರಿ. ಆಮೇಲೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ. ಆಗ ಮೊಬೈಲಿನಲ್ಲೂ ಓದಬಹುದು, ಹುಡುಕಿದ್ರೂ ಸಿಗ್ತದೆ. ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು. ಕೂತು ತಿದ್ದಬೇಕು. ಮೂಲ ಫೈಲನ್ನು ಮಾತ್ರ ಹಂಗೇ ಇಡಿ, ಎರಡು ಕಡೆ ಇಡಿ.

ನಾವು ತಿದ್ದಿದ್ದು ಹೆಂಗೆ ಗೊತ್ತೇನು? ನಾನು ಓದ್ತಿದ್ದೆ, ಕಾಕಾ ಕಣ್ಣು ಮುಚ್ಚಿ ಕೇಳ್ತಿದ್ರು. ತಪ್ಪು ಬಂದಲ್ಲಿ ಆ ಸಾಲನ್ನು ಹಾಡಿಯೇ ತೋರಿಸಿದ್ರು, ಅಜ್ಜನ ಧಾಟಿಯಲ್ಲಿ. ಆ ಧಾಟಿ ಯಾವ ಡಿಸ್ಕಿನಲ್ಲೂ ಇರಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡೆ.

ಈ ಭಾನುವಾರ ಅಟ್ಟ ಹತ್ತಿ. ಕಂಪ್ಯೂಟರ್ ಇಳಿಸಿ, ಧೂಳು ಜಾಡಿಸಿ. ಟೈಪ್ ಮಾಡಿದವರು ಮನೇಲಿದ್ರೆ ಪಕ್ಕದಲ್ಲೇ ಕೂರಿಸ್ಕೊಳ್ರಿ. ಮತ್ತೆ ಸಿಗೋಣ, ನಮಸ್ಕಾರ.