ಅತಿದ್ರವದ ಮೈಮೇಲಿನ ಅಲೆಗಳು

ಕೆರೆಯಲ್ಲಿ ಏಳುವ ಅಲೆಗಳೆಲ್ಲ ಒಂದೇ ಜಾತಿಯವಲ್ಲ. ದೊಡ್ಡ ಅಲೆಗಳನ್ನು ಎಳೆದು ಸಮಮಾಡುವುದು ಭೂಮಿಯ ಗುರುತ್ವ. ಸುಮಾರು ಎರಡು ಸೆಂಟಿಮೀಟರಿಗಿಂತ ಕಿರಿದಾದ ಸಣ್ಣ ತೆರೆಗಳಲ್ಲಿ ಆ ಕೆಲಸ ಹೆಚ್ಚಾಗಿ ಮೇಲ್ಮೈ ಎಳೆತದ್ದು. ಕೊನೆಗೆ ಎರಡನ್ನೂ ಅಡಗಿಸುವುದು ನೀರಿನ ಸ್ನಿಗ್ಧತೆ, ಅಂದರೆ ಒಳಗಿನ ತಿಕ್ಕಾಟ. ಆ ತಿಕ್ಕಾಟವೇ ಇಲ್ಲದಿದ್ದರೆ?

ಹೀಲಿಯಂ ಅನಿಲ 4.2 ಕೆಲ್ವಿನ್‌ನಲ್ಲಿ, ಎಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ದ್ರವವಾಗುತ್ತದೆ. 2.17 ಕೆಲ್ವಿನ್‌ಗಿಂತ ತಣ್ಣಗಾದರೆ ಅತಿ ಸಣ್ಣ ಸಂದಿಯಲ್ಲೂ ತಡೆಯಿಲ್ಲದೆ ಹರಿಯುತ್ತದೆ. ಮಾಸ್ಕೋದಲ್ಲಿ ಕಾಪಿಟ್ಸಾ, ಕೇಂಬ್ರಿಜ್‌ನಲ್ಲಿ ಅಲನ್ ಮತ್ತು ಮೈಸೆನರ್ ಎಂಬ ಭೌತವಿಜ್ಞಾನಿಗಳು ಇದನ್ನು ಕಂಡು 1938ರಲ್ಲಿ ಪ್ರಕಟಿಸಿದರು. ಇದೇ ಅತಿದ್ರವ.

ಇದರ ಮೇಲ್ಮೈ ಎಳೆತ ನೀರಿನದಕ್ಕಿಂತ ಸುಮಾರು ಇನ್ನೂರು ಪಟ್ಟು ಕಡಿಮೆ. ಹಾಗಾಗಿ ಇಲ್ಲಿ ತೆರೆ ಎಬ್ಬಿಸಲು ಅತಿ ಅಲ್ಪ ಶಕ್ತಿ ಸಾಕು. 1953ರಲ್ಲಿ ಅಟ್ಕಿನ್ಸ್ ಎಂಬ ಭೌತವಿಜ್ಞಾನಿ ಇದನ್ನೇ ಹಿಡಿದು ಲೆಕ್ಕ ಹಾಕಿದರು. ದ್ರವದ ಮೈಮೇಲಿನ ಕಾವೆಂದರೆ ಬೇರೇನಲ್ಲ, ಅಲ್ಲಿ ಓಡಾಡುವ ಸಣ್ಣ ತೆರೆಗಳ ಶಕ್ತಿಯ ತುಣುಕುಗಳು. ಅವಕ್ಕೆ ರಿಪ್ಲಾನ್ ಎಂದು ಹೆಸರು. ಉಷ್ಣತೆ ಏರಿದಂತೆ ರಿಪ್ಲಾನ್‌ಗಳು ಹೆಚ್ಚುತ್ತವೆ, ಎಳೆತ ಕುಗ್ಗುತ್ತದೆ. ಎಳೆತವನ್ನು ಅಳೆಯುವುದೆಂದರೆ ಕಣ್ಣಿಗೆ ಕಾಣದ ತೆರೆಗಳನ್ನು ಎಣಿಸಿದಂತೆ! ನನಗಂತೂ ಇದು ಈ ವಿಷಯದ ತುಂಬ ಸೊಗಸಾದ ಭಾಗ.

ಇನ್ನು ಪಾತ್ರೆಯ ಗೋಡೆ. ಅತಿದ್ರವ ಅದರ ಮೇಲೆ ತಾನೇ ಹತ್ತಿ, ಮಿಲಿಮೀಟರಿನ ಲಕ್ಷದಲ್ಲಿ ಕೆಲವೇ ಭಾಗದಷ್ಟು ತೆಳುವಾದ ಪೊರೆಯಾಗಿ ಹಬ್ಬುತ್ತದೆ. ಈ ಪೊರೆಯಲ್ಲೂ ಅಲೆ ಏಳುತ್ತದೆ. ಇಲ್ಲಿ ಅಲೆಯನ್ನು ಹಿಂದಕ್ಕೆಳೆಯುವುದು ಮುಖ್ಯವಾಗಿ ಗೋಡೆಯ ಅಣುಗಳ ಆಕರ್ಷಣೆ. ಹೀಲಿಯಂನಲ್ಲಿ ಅತಿದ್ರವವಾಗದೆ ಉಳಿದಿರುವ ಸಾಮಾನ್ಯ ಭಾಗ ಸ್ನಿಗ್ಧತೆಯಿಂದಾಗಿ ಗೋಡೆಗೆ ಕಚ್ಚಿಕೊಂಡಿರುತ್ತದೆ. ಅತಿದ್ರವ ಭಾಗವೊಂದೇ ಅತ್ತಿತ್ತ ಸರಿಯುತ್ತದೆ. ಅತಿದ್ರವ ತನ್ನೊಡನೆ ಕಾವನ್ನು ಒಯ್ಯುವುದಿಲ್ಲ. ಆದ್ದರಿಂದ ಅದು ಬಂದು ಸೇರಿದ ಉಬ್ಬು ತಣ್ಣಗೆ, ಅದು ಬಿಟ್ಟುಹೋದ ತಗ್ಗು ಬೆಚ್ಚಗೆ. ‘ಮೂರನೆಯ ಧ್ವನಿ’ ಎನ್ನುವ ಈ ಅಲೆಯನ್ನು ಅಟ್ಕಿನ್ಸ್ 1959ರಲ್ಲಿ ಊಹಿಸಿದರು. 1962ರಲ್ಲಿ ಎವರಿಟ್ ಮತ್ತು ಡೆನೆನ್‌ಸ್ಟೈನ್ ಎಂಬವರ ಜೊತೆಗೂಡಿ ಅದನ್ನು ಪ್ರಯೋಗದಲ್ಲಿ ಕಂಡೂಬಿಟ್ಟರು.

ಮೇಲ್ಮೈ ಎಳೆತ ಇಷ್ಟು ದುರ್ಬಲವಾದ್ದರಿಂದ ಹೀಲಿಯಂ ಮುಟ್ಟಿದ್ದನ್ನೆಲ್ಲ ನೆನೆಸುತ್ತದೆ ಎಂದೇ ಬಹುಕಾಲ ನಂಬಿಕೆಯಿತ್ತು. 1991ರಲ್ಲಿ ಸೀಸಿಯಂ ಲೋಹ ಅದನ್ನು ಸುಳ್ಳಾಗಿಸಿತು. ಸೀಸಿಯಂ ಹೀಲಿಯಂ ಅನ್ನು ಸೆಳೆಯುವ ಬಲ ಎಷ್ಟು ಕಡಿಮೆಯೆಂದರೆ, ಹೀಲಿಯಂನ ಆ ಬಡ ಎಳೆತವೇ ಅಲ್ಲಿ ಗೆಲ್ಲುತ್ತದೆ. ಸುಮಾರು 2 ಕೆಲ್ವಿನ್‌ಗಿಂತ ಕೆಳಗೆ ಅತಿದ್ರವ ಸೀಸಿಯಂನ ಮೇಲೆ ಪೊರೆಯಾಗಿ ಹರಡದೆ ಹನಿಯಾಗಿ ನಿಲ್ಲುತ್ತದೆ.