ಹೊಳೆ ನಮ್ಮದು, ಪರವಾನಗಿ ಯಾವ ಭಾಷೆಯದು?

(ಸದಲಗಾದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರು, ಹುಬ್ಬಳ್ಳಿಗಳಿಂದ ಬಸ್ಸು ಹಿಡಿದು ಬಂದಿದ್ದೀರಿ. ಗಡಿ ಎಂದರೆ ಮಹಾಜನ ವರದಿ, ಸುಪ್ರೀಂ ಕೋರ್ಟಿನ ದಾವೆ ಎಂದಷ್ಟೇ ತಿಳಿದವರಿಗೆ ಇವತ್ತು ಬೇರೊಂದು ಗಡಿ ತೋರಿಸಬೇಕು. ಅದು ದೂಧಗಂಗೆ! ಘಟ್ಟದಲ್ಲಿ ಮಳೆ ಹಿಡಿದು, ಮೇಲಿನ ಕಾಳಮ್ಮವಾಡಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಲಿಕವಾಡ–ದತ್ತವಾಡ ಸೇತುವೆ ಮುಳುಗುತ್ತದೆ. ಅತ್ತ ಕೃಷ್ಣೆಯ ಕಲ್ಲೋಳ–ಯಡೂರ ಬಾಂದಾರವೂ ಮುಳುಗುತ್ತದೆ. ಎದುರಿಗೆ ಕಾಣುವ ಊರಿಗೆ ಸುತ್ತು ಹಾಕಿ ಹೋಗಬೇಕು.

'ನಾವೇ ಒಂದು ಯಂತ್ರದ ದೋಣಿ ಓಡಿಸಿದರೆ?' ಎಂದು ಇಲ್ಲಿನ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಯಾರ ಬಾಗಿಲು ತಟ್ಟಬೇಕು?

ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1868ರ ಕಡವು ಕಾಯಿದೆ ಇತ್ತು. ಯಂತ್ರದ ದೋಣಿಗೆ 1917ರ ಕಾಯಿದೆ ಬಂತು. ಅದನ್ನು ತೆಗೆದು ಸಂಸತ್ತು 2021ರಲ್ಲಿ ಒಳನಾಡು ಹಡಗುಗಳ ಅಧಿನಿಯಮ ಮಾಡಿತು. ಅದರ ಪ್ರಕಾರ ದೋಣಿ ಕಟ್ಟುವ ಮೊದಲೇ ನಕ್ಷೆಗೆ ಒಪ್ಪಿಗೆ ಬೇಕು. ಕಟ್ಟಿದ ಮೇಲೆ ಸರ್ವೆ ಅಧಿಕಾರಿ ಪರೀಕ್ಷಿಸಬೇಕು. ಆಮೇಲೆ ನೋಂದಣಿ. ನಡೆಸುವವನಿಗೆ ಅರ್ಹತಾ ಪತ್ರ, ದೋಣಿಗೆ ವಿಮೆ, ಜೀವರಕ್ಷಕ ಸಾಧನ. ಒಂದು ರಾಜ್ಯದ ನೋಂದಣಿ ಇನ್ನೊಂದು ರಾಜ್ಯದಲ್ಲೂ ನಡೆಯುತ್ತದೆ. ಈಚೆ ದಡ ನಮ್ಮದು, ಆಚೆ ದಡ ಮಹಾರಾಷ್ಟ್ರದ್ದು ಎನ್ನುವ ಹೊಳೆಗೆ ಇದು ದೊಡ್ಡ ಅನುಕೂಲ. ಹುಟ್ಟು ಹಾಕುವ ದೋಣಿಯ ದಾಖಲಾತಿಯನ್ನು ರಾಜ್ಯವು ಸ್ಥಳೀಯ ಸಂಸ್ಥೆಗೇ ಒಪ್ಪಿಸಬಹುದು.

ಈ ಷರತ್ತುಗಳನ್ನು ಕಿರುಕುಳ ಎನ್ನಬೇಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ತಡೆಯಲಾರದಷ್ಟು ಜನ ಅದರಲ್ಲಿದ್ದರು. ಇನ್ನೊಂದು ಮಾತು, ಹುಡುಗರಿಗೆ ಬೇಸರವಾದರೂ ಹೇಳುತ್ತೇನೆ. ಪ್ರವಾಹದ ದಿನ ದೋಣಿ ಓಡಿಸುತ್ತೇವೆ ಎಂದರೆ ಯಾವ ಅಧಿಕಾರಿಯೂ ಒಪ್ಪಬಾರದು. 2019, 2021ರ ನೆರೆ ಕಂಡವರಿಗೆ ಆ ಸೆಳೆತ ಗೊತ್ತು. ಅದು ರಕ್ಷಣಾ ದಳದ ಕೆಲಸ. ನಮ್ಮದು ನೀರು ಇಳಿದು, ಸೇತುವೆ ಇನ್ನೂ ಕೆಸರು ಮೆತ್ತಿಕೊಂಡು ಬಂದಾಗಿರುವ ದಿನಗಳ ಕಡವು. ಉದ್ದಕ್ಕೆ ಓಡಿಸಲು ಬಾಂದಾರಗಳು ಬಿಡುವುದಿಲ್ಲ, ಅಡ್ಡಕ್ಕೆ ಮಾತ್ರ. ಎಷ್ಟು ನೀರಿಗೆ ದೋಣಿ ನಿಲ್ಲಬೇಕು ಎಂಬ ಗೆರೆಯನ್ನು ದಡದ ಕಂಬದ ಮೇಲೆ ಬಳಿಯಬೇಕು. ಪರವಾನಗಿಯಲ್ಲೇ ಅದು ಷರತ್ತಾಗಲಿ.

ಆ ಗೆರೆಯ ಪಕ್ಕ ಯಾವ ಅಕ್ಷರ? ಇಲ್ಲಿದೆ ನಮ್ಮ ಜಗಳ!

ಕೇಂದ್ರದ ಕಾಯಿದೆಗೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್ ಪಾಠವೇ ಅಧಿಕೃತ. ಅಂಬಿಗನ ಮಗ ಅದನ್ನು ಯಾವ ವಕೀಲನಿಂದ ಓದಿಸಬೇಕು? ಆದರೆ 1973ರಲ್ಲೇ ಇನ್ನೊಂದು ಕಾಯಿದೆ ಬಂದಿದೆ: ಕೇಂದ್ರದ ಕಾನೂನುಗಳಿಗೆ ರಾಜ್ಯ ಭಾಷೆಗಳಲ್ಲೂ ಅಧಿಕೃತ ಪಾಠ ಹೊರಡಿಸಬಹುದು. ಹೀಗಿರುವಾಗ ದೋಣಿಯ ಕಾನೂನನ್ನು ಕನ್ನಡದಲ್ಲಿ ಕೇಳುವುದು ಭಿಕ್ಷೆಯಲ್ಲ. ರಾಜ್ಯದ ನಮೂನೆ, ಅರ್ಹತಾ ಪರೀಕ್ಷೆಯ ಪ್ರಶ್ನೆ, ತಿರಸ್ಕಾರದ ಕಾರಣಪತ್ರ ಎಲ್ಲವೂ ಕನ್ನಡದಲ್ಲಿರಬೇಕು. 1963ರ ರಾಜಭಾಷಾ ಕಾಯಿದೆಯನ್ನು ಕಪಾಟಿನಲ್ಲಿಡಲು ಮಾಡಿಲ್ಲ. ದಡದ ಫಲಕದಲ್ಲಿ ಕನ್ನಡ ಮೇಲೆ, ಕೆಳಗೆ ಮರಾಠಿಯೂ ಇರಲಿ. ದತ್ತವಾಡದ ತಾಯಿಗೂ ಅಪಾಯದ ಗೆರೆ ಓದಲು ಬರಬೇಕಲ್ಲ! ಮರಾಠಿ ಕಂಡ ಕೂಡಲೇ ಮಸಿ ಡಬ್ಬ ಹುಡುಕುವವರು ಈ ವಿಷಯದಲ್ಲಿ ಸುಮ್ಮನಿರಿ.

ಶರಾವತಿ ಹಿನ್ನೀರಿನ ಜನರನ್ನು ನೆನೆಯಿರಿ. ಲಿಂಗನಮಕ್ಕಿಯಿಂದ ದಾರಿ ಕಳೆದುಕೊಂಡ ಅವರಿಗೆ ಸರ್ಕಾರವೇ ಲಾಂಚ್ ಓಡಿಸಿತು. ಸಿಗಂದೂರು ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಅಂಬಾರಗೋಡ್ಲು–ಕಳಸವಳ್ಳಿಯಲ್ಲಿ ಬಸ್ಸನ್ನೂ ಲಾಂಚೇ ದಾಟಿಸುತ್ತಿತ್ತು. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು? ರಾಷ್ಟ್ರೀಯ ಜಲಮಾರ್ಗ 4ನ್ನು 2016ರಲ್ಲಿ ಕೃಷ್ಣೆಯ ಗಲಗಲಿಯವರೆಗೆ ತಂದರು. ಚಿಕ್ಕೋಡಿ ಅದರಾಚೆ ಉಳಿಯಿತು. ಹಾಗಾಗಿ ದೆಹಲಿಯತ್ತ ಬೆರಳು ತೋರಿ ಬೆಂಗಳೂರು ಜಾರಿಕೊಳ್ಳುವಂತಿಲ್ಲ.

ಮೊದಲ ಕೆಲಸ ಸಣ್ಣದು. ಚಿಕ್ಕೋಡಿ ಭಾಗಕ್ಕೆ ಸರ್ವೆ ಅಧಿಕಾರಿ ಯಾರು, ನೋಂದಣಾಧಿಕಾರಿ ಯಾರು, ಅವರು ಘಟ್ಟ ಹತ್ತಿ ಇಲ್ಲಿಗೆ ಬರುತ್ತಾರೋ ಅಥವಾ ನಾವು ದೋಣಿ ಹೊತ್ತು ಕಾರವಾರಕ್ಕೆ ಇಳಿಯಬೇಕೋ ಎಂದು ಬರಹದಲ್ಲಿ ಕೇಳುವುದು. ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಬರೆದಿದ್ದೇವೆ. ಮೇಜಿನ ಮೇಲಿದೆ. ಓದಿ, ತಪ್ಪಿದ್ದರೆ ತಿದ್ದಿ. ನಾಳೆ ಬೆಳಿಗ್ಗೆಯ ಟಪಾಲಿಗೆ ಅದು ಹೋಗಬೇಕು.